ಅಡ್ರೆಸ್ ಬಾರ್‌ನಿಂದಲೇ ಕನ್ನಡ ವಿಕಿಪೀಡಿಯದಲ್ಲಿ ಹುಡುಕುವ ಬಗೆ

ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆ ನೆಟ್‌ವರ್ಕ್ ಕುಂಟತೊಡಗಿದರೆ ಒಂದೊಂದು ಪುಟಕ್ಕೂ ಕಾಯಬೇಕಾಗುವುದರಿಂದ, ಹುಡುಕುವಾಗ ನಡುವೆ ತೆರೆಯಬೇಕಾದ ಒಂದು ಪುಟ ತಪ್ಪಿದರೂ ಲಾಭವೇ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಇದಕ್ಕೆ ದಾರಿಯಿದೆ. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಇಂಜಿನ್ ವಿಭಾಗವನ್ನು ತೆರೆಯಿರಿ. ಗೂಗಲ್ ಬದಲು ಡಕ್‌ಡಕ್‌ಗೋ ಬೇಕೆನ್ನುವವರು ಅಲ್ಲಿಯೇ ಬದಲಿಸಿಕೊಳ್ಳಬಹುದು. ಹೆಚ್ಚಿನ ಪ್ರಯೋಜನವಿರುವುದು ಸರ್ಚ್ ಇಂಜಿನ್‌ಗಳನ್ನು ನಿರ್ವಹಿಸುವ ಪುಟದ ‘ಸೈಟ್ ಸರ್ಚ್’ ಭಾಗದಲ್ಲಿ.

ಮೊದಲು ಕನ್ನಡ ವಿಕಿಪೀಡಿಯದ ಹುಡುಕು ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಾಕಿ ಹುಡುಕಿ, ಬಂದ ಪುಟದ ಪೂರ್ಣ ವಿಳಾಸವನ್ನು ನಕಲಿಸಿಕೊಳ್ಳಿ. ಕನ್ನಡ ಪದ ಹಾಕಿದರೆ ನಕಲಿಸಿದ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ, ಅಂಕಿಗಳ ಉದ್ದನೆಯ ಸರಪಳಿಯಾಗಿ ಕಾಣುವುದರಿಂದ ಎಲ್ಲಿ ಕತ್ತರಿಸಬೇಕೆಂದು ತಿಳಿಯದೆ ಗೊಂದಲವಾಗುತ್ತದೆ. ಸೈಟ್ ಸರ್ಚ್‌ನಲ್ಲಿ ‘ಆ್ಯಡ್’ ಒತ್ತಿ, ಹೆಸರು ಬರೆದು, ವಿಳಾಸವನ್ನು ಅಂಟಿಸಿ, ಆ ನಾಲ್ಕು ಅಕ್ಷರಗಳ ಜಾಗದಲ್ಲಿ ಶೇಕಡಾ ಚಿಹ್ನೆಯನ್ನೂ ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ ಎಸ್ ಅಕ್ಷರವನ್ನೂ (%s) ಇಡಿ. ಶಾರ್ಟ್‌ಕಟ್ ಆಗಿ, ಕನ್ನಡ ವಿಕಿಪೀಡಿಯವನ್ನು ಚಿಕ್ಕದಾಗಿಸಿ ‘ಕವಿ’ ಎಂದು ಕೊಡಬಹುದು. ಅದೂ ಕನ್ನಡದಲ್ಲೇ ಇದ್ದರೆ ಪ್ರತಿಸಲ ಕೀಲಿಮಣೆಯ ಭಾಷೆ ಬದಲಿಸುವ ಕಿರಿಕಿರಿ ತಪ್ಪುತ್ತದೆ.

ಇನ್ನು ಅಡ್ರೆಸ್ ಬಾರ್‌ನಲ್ಲಿ ‘ಕವಿ’ ಎಂದು ಬರೆದು ಟ್ಯಾಬ್ ಒತ್ತಿ, ‘ಆಗುಂಬೆ’ ಎಂದು ಬರೆದು ಎಂಟರ್ ಒತ್ತಿದರೆ ಹುಡುಕಾಟ ನೇರವಾಗಿ ವಿಕಿಪೀಡಿಯದೊಳಗೇ ನಡೆಯುತ್ತದೆ.