ಸೋರ್ಸ್ ಕೋಡ್ ಕೇಳೋದೇ ನನ್ನ ಕೆಲಸ ಆಗೋಯ್ತು

ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದ್ರೂ ಬಳಸಿ, ಓದಿ, ಬದಲಾಯಿಸಿ, ಹಂಚಬಹುದಾದ ಸಾಫ್ಟ್‌ವೇರ್) ಆಕ್ಟಿವಿಸ್ಟ್ ಅಂದ್ರೆ ಸ್ಟೇಜ್ ಹತ್ತಿ ದೊಡ್ಡ ಕಂಪನಿಗಳನ್ನ ಬೈಯೋನು ಅಂತ ಸುಮಾರು ಜನ ಅಂದ್ಕೊಂಡಿದಾರೆ. ನಾನು ಮಾಡೋದು ಜಾಸ್ತಿ ಕಾಗದ ಬರೆಯೋ ಕೆಲಸ. ಶುರುನಲ್ಲಿ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡ್ಕೊಡೋದು, ಬಗ್ ರಿಪೋರ್ಟ್ ಹಾಕೋದು ಇಷ್ಟೇ ಇತ್ತು, ಆಮೇಲೆ ಇಂಥ ಸಾಫ್ಟ್‌ವೇರ್‌ನ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಕೋಡ್) ಪಡೆಯೋ ಹಕ್ಕು ಕೊಡೋ ಜಿಪಿಎಲ್ ಲೈಸೆನ್ಸನ್ನ ಪೂರ್ತಿ ಕೂತು ಓದಿದ್ಮೇಲೆ ಅನ್ಸಿದ್ದು, ಇಷ್ಟೆಲ್ಲಾ ಹಕ್ಕು ಬರ್ದಿಟ್ಟಿದಾರೆ, ಕೇಳೋರೇ ಇಲ್ವಲ್ಲ ಅಂತ.

ಒಂದು ವೈಫೈ ರೂಟರ್ ತಗೊಳ್ಳಿ. ಕಂಪನಿ ಸೈಟಿಂದ ಫರ್ಮ್‌ವೇರ್ (ರೂಟರ್ ಒಳಗೆ ಓಡೋ ಸಾಫ್ಟ್‌ವೇರ್) ಇಳಿಸ್ಕೊಂಡು, ಅದರೊಳಗೆ ಏನೇನಿದೆ ಅಂತ ಹುಡುಕೋ ಬಿನ್‌ವಾಕ್ ಟೂಲ್ ಓಡಿಸ್ತೀನಿ, ಹೆಚ್ಚಾಗಿ ಒಳಗೊಂದು ಸ್ಕ್ವಾಶ್‌ಎಫ್‌ಎಸ್, ಅಂದ್ರೆ ಒತ್ತಿಟ್ಟ ಫೈಲ್‌ಗಳ ಕಟ್ಟು, ಸಿಗುತ್ತೆ, ಅದನ್ನ ಬಿಚ್ಚಿ ಬಿಸಿಬಾಕ್ಸ್ (ಸಣ್ಣ ಸಣ್ಣ ಲಿನಕ್ಸ್ ಕಮಾಂಡ್‌ಗಳೆಲ್ಲಾ ಸೇರಿದ ಒಂದೇ ಪ್ರೋಗ್ರಾಮ್) ಫೈಲ್ ಮೇಲೆ, ಒಳಗಿರೋ ಓದಬಹುದಾದ ಅಕ್ಷರ ತೋರಿಸೋ ಸ್ಟ್ರಿಂಗ್ಸ್ ಕಮಾಂಡ್ ಹಾಕಿದ್ರೆ ವರ್ಷನ್ ನಂಬರ್ ಸಮೇತ ಹೆಸರು ಕಾಣುತ್ತೆ. ಬಿಸಿಬಾಕ್ಸ್, ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಎರಡೂ ಜಿಪಿಎಲ್ 2ನೇ ಆವೃತ್ತಿ ಕೆಳಗೆ ಬರ್ತವೆ. ಅದರ 3ನೇ ಸೆಕ್ಷನ್ ಪ್ರಕಾರ ಸೋರ್ಸ್ ಜೊತೆಗೇ ಕೊಡ್ಬೇಕು, ಇಲ್ಲಾ ಕೇಳಿದೋರಿಗೆ ಕೊಡ್ತೀವಿ ಅಂತ ಕನಿಷ್ಠ 3 ವರ್ಷ ನಡೆಯೋ ಹಾಗೆ ಬರ್ದು ಕೊಡ್ಬೇಕು. ಅದಕ್ಕೇ, ಆ ಮಾತು ಬರ್ದಿದಾರಾ ಅಂತ ನೋಡೋಕೆ, ಮ್ಯಾನ್ಯುಯಲ್‌ನ ಯಾರೂ ಓದದ ಕೊನೇ ಪುಟಗಳೇ ನಂಗೆ ಮೊದ್ಲು ಬೇಕು.

ಸೋರ್ಸ್ ಕೊಡಿ ಅಂತ ಕಂಪನಿಗೆ ಬರೆಯೋ ಕಾಗದದಲ್ಲಿ ಮಾಡೆಲ್ ನಂಬರ್, ಫರ್ಮ್‌ವೇರ್ ವರ್ಷನ್, ಯಾವ ಫೈಲ್, ಯಾವ ಸೆಕ್ಷನ್, ಅಷ್ಟೇ. ಬೆದರಿಕೆ ಹಾಕಲ್ಲ, ಹಾಕಿದ್ರೆ ಸೀದಾ ಲೀಗಲ್ ಡಿಪಾರ್ಟ್‌ಮೆಂಟಿಗೆ ಹೋಗಿ ಕೂತ್ಕೊಳ್ಳುತ್ತೆ, ನಂಗೆ ಬೇಕಾಗಿರೋದು ಇಂಜಿನಿಯರ್. ಒಂದ್ ಕಂಪನಿಯೋರು ಎಲ್ರಿಗೂ ಸಿಗೋ ಮಾಮೂಲಿ ಕರ್ನಲ್‌ನ ಟಾರ್‌ಬಾಲ್ (ಫೈಲ್‌ಗಳ ಕಟ್ಟು) ಕಳ್ಸಿ ತಗೊಳ್ಳಿ ಸೋರ್ಸ್ ಅಂದ್ರು. ಡಾಟ್ ಕಾನ್ಫಿಗ್ (ಕರ್ನಲ್ ಸೆಟ್ಟಿಂಗ್ಸ್ ಇರೋ ಫೈಲ್) ಇಲ್ಲ, ಅವರು ಮಾಡಿದ ಬದಲಾವಣೆ ಇಲ್ಲ, ಬಿಲ್ಡ್ ಸ್ಕ್ರಿಪ್ಟೂ ಇಲ್ಲ. ಕಂಪೈಲ್ ಮಾಡಿ (ಕೋಡನ್ನ ಓಡೋ ಪ್ರೋಗ್ರಾಮ್ ಆಗಿ ಬದಲಾಯಿಸಿ) ಇನ್‌ಸ್ಟಾಲ್ ಮಾಡೋ ಸ್ಕ್ರಿಪ್ಟೂ ಸೋರ್ಸ್‌ನಲ್ಲೇ ಸೇರುತ್ತೆ ಅಂತ ಲೈಸೆನ್ಸ್‌ನಲ್ಲೇ ಇದೆ. ವಾದ ಮಾಡದೆ, ಕಂಪೈಲ್ ಮಾಡೋ ಮೇಕ್ ಕಮಾಂಡ್ ಓಡ್ಸಿ ಬಂದ ಎರರ್ ಹಾಗೇ ಕಳಿಸ್ದೆ. ಆಗ ಅಲ್ಲಿಯ ಇಂಜಿನಿಯರ್ ಒಬ್ರು ಬಾಯ್ಬಿಟ್ರು, ಚಿಪ್ ಮಾಡೋರು ಕೊಟ್ಟ ಎಸ್‌ಡಿಕೆ (ಆ ಚಿಪ್‌ಗೆ ಬೇಕಾದ ಸಾಫ್ಟ್‌ವೇರ್ ಕಿಟ್) ನಮ್ಗೇ ಪೂರ್ತಿ ಸೋರ್ಸ್ ಇಲ್ದೆ ಬಂದಿದೆ ಸ್ವಾಮಿ ಅಂತ. ಗಂಟು ಬಿದ್ದಿರೋದು ಇಲ್ಲೇ. ಅವರು ತಮ್ಮ ಸಪ್ಲೈಯರ್ ಹತ್ರ ಕೇಳೋ ಹಾಗೆ ಮಾಡೋದ್ರಲ್ಲೇ ತಿಂಗಳುಗಟ್ಲೆ ಹೋಗುತ್ತೆ.

ಕೋರ್ಟ್ ದಾರಿನೂ ಇದೆ. ಲಿನಕ್ಸ್‌ನ ಫೈರ್‌ವಾಲ್ ಕೋಡ್ ಆದ ನೆಟ್‌ಫಿಲ್ಟರ್‌ನ ಡೆವಲಪರ್ ಹರಾಲ್ಡ್ ವೆಲ್ಟೆ 2004ರಲ್ಲೇ ಜಿಪಿಎಲ್ ಪಾಲಿಸದ ಕಂಪನಿ ವಿರುದ್ಧ ಮ್ಯೂನಿಕ್ ಕೋರ್ಟಿಂದ ತಡೆಯಾಜ್ಞೆ ತಂದಿದ್ರು, ಆದ್ರೆ ಅವರು ಆ ಕೋಡ್ ಬರೆದೋರು. ನಾನು ಬರೀ ಗಿರಾಕಿ, ಹಾಗಾಗಿ ದಾಖಲೆ ಎಲ್ಲಾ ಜೋಡ್ಸಿ ಕಾಪಿರೈಟ್ ಇರೋ ಡೆವಲಪರ್‌ಗಳಿಗೆ ಕೊಡ್ತೀನಿ. 2007ರ ಜಿಪಿಎಲ್ 3ರಲ್ಲಿ ಮೊದಲ ಸಲ ತಪ್ಪಿದೋರು ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡ್ಕೊಂಡ್ರೆ, ಕಳ್ಕೊಂಡಿದ್ದ ಕೋಡ್ ಹಂಚೋ ಹಕ್ಕು ವಾಪಸ್ ಸಿಗುತ್ತೆ, ಇದು ನಂಗೆ ತುಂಬಾ ಇಷ್ಟದ ಬದಲಾವಣೆ.

ಹೊಟ್ಟೆಪಾಡಿಗೆ? ಇದೇ ವಿದ್ಯೆ. ಪ್ರಾಡಕ್ಟ್ ಮಾರುಕಟ್ಟೆಗೆ ಬಿಡೋ ಮೊದ್ಲು ಯಾವ ಕೋಡ್ ಎಲ್ಲಿಂದ ಬಂದಿದೆ ಅಂತ ಚೆಕ್ ಮಾಡ್ಸೋಕೆ ಕಂಪನಿಗಳು ದುಡ್ಡು ಕೊಡ್ತವೆ. ದುಡ್ಡು ತಗೊಂಡ್ರೆ ಚಳವಳಿ ಕೆಡುತ್ತೆ ಅನ್ನೋರಿಗೆ, ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಎಡಿಟರ್ ಪ್ರೋಗ್ರಾಮ್‌ನ ಟೇಪನ್ನ 150 ಡಾಲರಿಗೆ ಮಾರ್ತಿದ್ರು ಅಂತ ಹೇಳ್ತೀನಿ. ನಾನು ಕಾಗದ ಬರ್ದಿರೋ ಕಂಪನಿಯಿಂದ ಮಾತ್ರ ಕಾಸು ಮುಟ್ಟಲ್ಲ, ಸಿಕ್ಕಿದ್ದನ್ನ ಬಾಯ್ಬಿಡಬೇಡಿ ಅನ್ನೋ ಎನ್‌ಡಿಎಗೂ (ಗುಟ್ಟು ಕಾಯೋ ಕರಾರಿಗೂ) ಸೈನ್ ಹಾಕಲ್ಲ, ಹಾಗಾಗಿ ಒಳ್ಳೊಳ್ಳೆ ಕೆಲಸಗಳೇ ಕೈ ತಪ್ಪಿವೆ.