ಸಿಡಿಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿದ್ದು, ರಾಗಗಳಿಗೆ ಜಾಗ ಹುಡುಕಿದ್ದು

ನಮ್ಮ ಮನೆಯ ಸಿಡಿಗಳಲ್ಲಿ ಮುಕ್ಕಾಲು ಪಾಲು ಕರ್ನಾಟಕ ಸಂಗೀತದ ಕಚೇರಿಗಳು. ಉಳಿದವು ಹಿಂದೂಸ್ತಾನಿ ಗಾಯನ, ಒಂದಿಷ್ಟು ಭಾವಗೀತೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವ ಬಗ್ಗೆ ಸಿಗುವ ಸಲಹೆಗಳೆಲ್ಲ ‘ಗಾಯಕ, ಆಲ್ಬಮ್, ಹಾಡು’ ಎಂಬ ಮೂರೇ ಖಾನೆಗಳ ಲೆಕ್ಕದಲ್ಲಿರುತ್ತವೆ. ಆ ಲೆಕ್ಕ ನಮಗೆ ಒಗ್ಗುವುದಿಲ್ಲ.

ಇಳಿಸುವ ಕೆಲಸವೇನೂ ಕಷ್ಟದ್ದಲ್ಲ. ಹಳೆಯ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ, ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಇದು ಸಿಡಿಯಿಂದ ಓದಿದ್ದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಅದೇ ಸಿಡಿಯನ್ನು ಜಗತ್ತಿನ ಬೇರೆ ಕಡೆ ಇಳಿಸಿಕೊಂಡವರಿಗೆ ಬಂದ ಫಲಿತಾಂಶದೊಡನೆ ಹೋಲಿಸುವ ಆಕ್ಯುರೇಟ್‌ರಿಪ್ ಎಂಬ ವ್ಯವಸ್ಥೆಯೂ ಅದರೊಳಗಿದೆ. ಆದರೆ ನಮ್ಮ ಊರಿನ ಸಣ್ಣ ಕಂಪನಿಗಳು ಹೊರತಂದ ಸಿಡಿಗಳನ್ನು ಅಲ್ಲಿ ಕೇಳುವವರೇ ಇಲ್ಲ. ಅಂಥವನ್ನು ಎರಡು ಸಲ ಓದಿಸಿ, ಎರಡೂ ಸಲ ಬಂದ ಚೆಕ್‌ಸಮ್ (ಓದಿದ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಒಂದೇ ಆಗಿದೆಯೇ ಎಂದು ನೋಡಿಕೊಂಡೆ. ಒಂದೇ ಆಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಓದಲು ತಕರಾರು ಮಾಡಿದ ಸಿಡಿಗಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರದಲ್ಲಲ್ಲ. ಅಡ್ಡಗೀರು ಬಿದ್ದರೆ ಸಿಡಿಯ ದೋಷ ತಿದ್ದುವ ವ್ಯವಸ್ಥೆ ಸಂಭಾಳಿಸುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಒಂದೇ ಕಡೆಯ ಬಹಳಷ್ಟು ಮಾಹಿತಿಯನ್ನು ತಿಂದುಹಾಕುತ್ತದೆ. ಹೊಳೆಯುವ ಬದಿಯ ಬಗ್ಗೆಯೇ ಎಲ್ಲರಿಗೂ ಕಾಳಜಿ. ನಿಜಕ್ಕೂ ನಾಜೂಕಾದದ್ದು ಹೆಸರು ಅಚ್ಚಾದ ಬದಿ, ಏಕೆಂದರೆ ಅಲ್ಯೂಮಿನಿಯಂ ಪದರವಿರುವುದು ಅದರ ಕೆಳಗೇ. ಅಲ್ಲಿ ಪದರ ಕಿತ್ತು ಬಂದರೆ ಯಾವ ಪಾಲಿಶೂ ಉಳಿಸುವುದಿಲ್ಲ.

ಎಲ್ಲವನ್ನೂ ಫ್ಲಾಕ್ ಎಂಬ ಕಡತ ರೂಪದಲ್ಲಿ ಉಳಿಸಿಕೊಂಡೆ. ಸಿಡಿಯ ಸಂಗೀತ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಏನನ್ನೂ ಕಳೆದುಕೊಳ್ಳದೆ. ಎಂಪಿ3 ಬೇಡವೆನಿಸಲು ಇನ್ನೊಂದು ಕಾರಣವೂ ಇತ್ತು. ಕಚೇರಿಯ ಸಿಡಿಗಳಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಮತ್ತೊಂದು, ಲಯವಾದ್ಯದವರ ತನಿ ಆವರ್ತನ ಇನ್ನೊಂದು. ಎಂಪಿ3 ಕಡತದ ಆದಿ ಅಂತ್ಯಗಳಲ್ಲಿ ತುಸು ಮೌನ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಿ ನುಡಿಸಲು ಬಾರದ ಪ್ಲೇಯರಿನಲ್ಲಿ ಪಲ್ಲವಿಯಿಂದ ತನಿಗೆ ಹೋಗುವಾಗ ತಾಳ ಎಡವುತ್ತದೆ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವ ನಮ್ಮ ಅಪ್ಪನಂಥವರಿಗೆ ಇದು ಸಹಿಸಲಾಗದ ಅಪಚಾರ. ಅಂದಹಾಗೆ, ನೂರು ಹಾಡು ತುಂಬಿ ಮಾರುತ್ತಿದ್ದ ಎಂಪಿ3 ಸಿಡಿಗಳನ್ನು ಸುಮ್ಮನೆ ಹಾಗೆಯೇ ನಕಲು ಮಾಡಿಕೊಳ್ಳಿ. ಅವನ್ನು ಫ್ಲಾಕ್ ಮಾಡಿದರೆ ಕಡತ ದಪ್ಪವಾಗುತ್ತದೆಯೇ ಹೊರತು ಹೋದ ನಾದ ಮರಳುವುದಿಲ್ಲ.

ಇನ್ನು ಹೆಸರಿಡುವ ಕೆಲಸ. ಅಂತರ್ಜಾಲದಿಂದ ತಾನಾಗಿ ಬಂದ ವಿವರಗಳನ್ನು ನೋಡಿದರೆ ತಲೆ ಕೆಡುತ್ತಿತ್ತು. ಶಂಕರಾಭರಣ ಒಂದೇ ರಾಗ, ಇಂಗ್ಲಿಷ್ ಅಕ್ಷರಗಳಲ್ಲಿ ಅದಕ್ಕೆ ನಾಲ್ಕಾರು ಕಾಗುಣಿತ. ಗಾಯಕರ ಪಟ್ಟಿಯಲ್ಲಿ ಹಿಂದೂಸ್ತಾನಿಯವರೆಲ್ಲ ‘ಪಂ.’ ಅಡಿಯಲ್ಲಿ, ನಮ್ಮವರೆಲ್ಲ ‘ವಿ.’ ಅಡಿಯಲ್ಲಿ ಸಾಲುಗಟ್ಟಿ ಕುಳಿತಿದ್ದರು. ಬಿರುದುಗಳನ್ನೆಲ್ಲ ತೆಗೆದುಹಾಕಿದೆ, ವಿದ್ವಾಂಸರು ಕ್ಷಮಿಸಬೇಕು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ತುಂಬಿದೆ. ಫ್ಲಾಕ್ ಟ್ಯಾಗುಗಳು, ಅಂದರೆ ಕಡತದೊಳಗೆ ಬರೆದಿಡುವ ಈ ವಿವರಗಳು, ಯೂನಿಕೋಡಿನಲ್ಲೇ ಇರುವುದರಿಂದ ಕಂಪ್ಯೂಟರಿನಲ್ಲಿ ತೊಂದರೆಯಾಗಲಿಲ್ಲ. ಕಾರಿನ ಹಳೆಯ ಸ್ಟೀರಿಯೊ ಮಾತ್ರ ಅಕ್ಷರಗಳ ಬದಲು ಚೌಕ ಚೌಕ ಡಬ್ಬಿಗಳನ್ನು ತೋರಿಸುತ್ತದೆ. ತೋರಿಸಲಿ.

ರಾಗವನ್ನು ಎಲ್ಲಿ ಬರೆಯುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಫ್ಲಾಕ್‌ನಲ್ಲಿ ‘ರಾಗ’ ಎಂದು ನಮ್ಮದೇ ಖಾನೆ ಮಾಡಿಕೊಳ್ಳಬಹುದು, ಆದರೆ ಹೆಚ್ಚಿನ ಪ್ಲೇಯರುಗಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಎಲ್ಲ ಪ್ಲೇಯರುಗಳಿಗೂ ಗೊತ್ತಿರುವ, ನಮಗೆ ಅಷ್ಟೇನೂ ಉಪಯೋಗವಿಲ್ಲದ ಖಾನೆಯೊಂದಿದೆ: ‘ಜಾನರ್’. ಪಾಪ್, ರಾಕ್, ಜಾಝ್ ಎಂದು ವಿಂಗಡಿಸಲು ಇಟ್ಟದ್ದು. ಅದರಲ್ಲಿ ತೋಡಿ, ಕಾಂಬೋಜಿ, ಭೈರವಿ ಎಂದು ಬರೆದೆ. ಹಿಂದೂಸ್ತಾನಿಯ ಭೈರವಿ ಬೇರೆಯೇ ರಾಗವಾದ್ದರಿಂದ ಅದರ ಮುಂದೆ ‘ಹಿಂ’ ಸೇರಿಸಿದೆ. ರಾಗಮಾಲಿಕೆಗೆ ಒಂದೇ ಖಾನೆಯಲ್ಲಿ ಹಲವು ಹೆಸರು ಹಾಕಲು ಫ್ಲಾಕ್ ಬಿಡುತ್ತದೆ. ವಾಗ್ಗೇಯಕಾರರು ‘ಕಂಪೋಸರ್’ ಖಾನೆಗೆ ಸಲೀಸಾಗಿ ಹೊಂದಿದರು. ಭಾವಗೀತೆಯಲ್ಲಿ ಕವಿಯೇ ಬೇರೆ, ಸಂಯೋಜಕರೇ ಬೇರೆ; ಅಲ್ಲಿ ಕಂಪೋಸರ್ ಎಂದರೆ ಕವಿಯೆಂದೇ ಇಟ್ಟುಕೊಂಡು, ಸಂಯೋಜಕರನ್ನು ಪಕ್ಕವಾದ್ಯದವರೊಡನೆ ‘ಟಿಪ್ಪಣಿ’ಗೆ ಕಳಿಸಿದ್ದೇನೆ. ಶಾಸ್ತ್ರಶುದ್ಧವಲ್ಲ, ಹುಡುಕಿದರೆ ಸಿಗುತ್ತದೆ.

ಈಗ ನಡುಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ಅದರ ಮೇಲೆ ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಒಗ್ಗುವ ಸಂಕೇತವಾಗಿಸುವ ಸಣ್ಣ ಡ್ಯಾಕ್ ಬೋರ್ಡು, ಅಲ್ಲಿಂದ ಹಳೆಯ ಆಂಪ್ಲಿಫೈಯರಿಗೆ ತಂತಿ. ಅಪ್ಪ ಟ್ಯಾಬ್ಲೆಟ್ಟಿನಲ್ಲಿ ಕಾಂಬೋಜಿ ಒತ್ತುತ್ತಾರೆ, ಮನೆಯಲ್ಲಿರುವ ಅಷ್ಟೂ ಕಾಂಬೋಜಿಗಳು ಎದುರಿಗೆ ಬರುತ್ತವೆ. ಸಿಡಿಗಳಿದ್ದ ಕಾಲದಲ್ಲಿ ಇದು ಆಗದ ಮಾತು. ಎಲ್ಲದರ ಇನ್ನೊಂದು ಪ್ರತಿ ತಮ್ಮನ ಮನೆಯ ಡಿಸ್ಕಿನಲ್ಲಿದೆ. ಫ್ಲಾಕ್ ಕಡತದೊಳಗೇ ಚೆಕ್‌ಸಮ್ ಇರುವುದರಿಂದ ಆಗೀಗ ಪರೀಕ್ಷೆ ಓಡಿಸಿ ಕೆಟ್ಟಿಲ್ಲವೆಂದು ಖಾತರಿ ಮಾಡಿಕೊಳ್ಳಬಹುದು. ಸಿಡಿಗಳನ್ನು ಮಾರಿಲ್ಲ. ಪ್ಲಾಸ್ಟಿಕ್ ಡಬ್ಬಿಗಳನ್ನಷ್ಟೇ ಎಸೆದು, ಡಿಸ್ಕ್ ಮತ್ತು ಒಳಗಿನ ಪುಸ್ತಿಕೆಗಳನ್ನು ತೆಳು ಲಕೋಟೆಗಳಲ್ಲಿ ಹಾಕಿಟ್ಟಿದ್ದೇನೆ. ಮೃದಂಗ ಯಾರದೆಂದು ಅಪ್ಪ ಕೇಳಿದಾಗ, ಟಿಪ್ಪಣಿ ಖಾಲಿಯಿದ್ದರೆ ಆ ಪುಸ್ತಿಕೆಯನ್ನೇ ತೆಗೆಯಬೇಕು.