ಎಕ್ಸಿಟ್ ಸಾಲಿನ ಸೀಟು: ನಾನು ಆರಿಸುವ ರೀತಿ

ನನ್ನ ಎತ್ತರ ಆರಡಿ ಎರಡಿಂಚು. ಕೆಲಸದ ಮೇಲೆ ಬೆಂಗಳೂರಿನಿಂದ ದೆಹಲಿ, ಪುಣೆ, ಕೋಲ್ಕತ್ತಾ ಕಡೆಗೆ ಆಗಾಗ ಹೋಗಿ ಬರುತ್ತೇನೆ. ಮಾಮೂಲಿ ಸೀಟಿನಲ್ಲಿ ಕೂತರೆ ಎರಡೂ ಮಂಡಿ ಮುಂದಿನ ಸೀಟಿಗೆ ತಾಗುತ್ತವೆ. ಮುಂದೆ ಕೂತವರು ಸೀಟು ಹಿಂದಕ್ಕೆ ಒರಗಿಸಿದರಂತೂ ದೆಹಲಿ ಬರುವ ತನಕ ಕಾಲು ಅಲ್ಲಾಡಿಸೋಕೂ ಜಾಗ ಇರುವುದಿಲ್ಲ. ಅದಕ್ಕೇ ನಾನು ಎಕ್ಸಿಟ್ ಸಾಲಿನ, ಅಂದರೆ ತುರ್ತು ಬಾಗಿಲಿನ ಪಕ್ಕದ ಸಾಲಿನ, ಸೀಟಿನ ಹಿಂದೆ ಬಿದ್ದಿದ್ದು. ಅಲ್ಲಿ ಕಾಲು ಚಾಚೋಕೆ ಜಾಗ ಜಾಸ್ತಿ. ಬರಬರುತ್ತಾ ಆ ಸೀಟಿನ ನಿಯಮಗಳು, ಅವುಗಳ ಹಿಂದಿನ ಕಥೆ ಎಲ್ಲ ತಿಳಿಯಿತು. ಈಗ ಅಲ್ಲಿ ಕೂತಾಗ ನನ್ನ ಗಮನ ಕಾಲಿಗಿಂತ ಬಾಗಿಲಿನ ಮೇಲೆ ಜಾಸ್ತಿ ಇರುತ್ತದೆ.

ಸೀಟ್ ನಂಬರ್‌ಗಿಂತ ಮುಂಚೆ ನಾನು ನೋಡುವುದು ವಿಮಾನ ಯಾವುದು ಅಂತ. ಬುಕ್ ಮಾಡುವಾಗ ಹೊರಡುವ ಸಮಯದ ಹತ್ತಿರ ಎಲ್ಲೋ ಎ320, ಎ321, ಬೋಯಿಂಗ್ 737, ಎಟಿಆರ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ಗೊತ್ತಿಲ್ಲದೆ ಸೀಟ್ ನಂಬರ್ ಹಿಡಿದುಕೊಂಡು ಏನೂ ಪ್ರಯೋಜನ ಇಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬೋಯಿಂಗ್ 787 ವಿಮಾನ ಬಿದ್ದಾಗ ಅದರಲ್ಲಿದ್ದ 242 ಜನರ ಪೈಕಿ ಬದುಕಿದ್ದು ಒಬ್ಬರೇ. ಅವರು ಕೂತಿದ್ದು 11ಎ, ತುರ್ತು ಬಾಗಿಲಿನ ಪಕ್ಕ. ಆಮೇಲೆ ಎಷ್ಟೋ ಜನ 11ಎ ಸೀಟೇ ಬೇಕು ಅಂತ ಕೇಳತೊಡಗಿದರು. ನನ್ನ ಆಫೀಸಿನಲ್ಲೂ ಕೇಳಿದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಆ ನಂಬರ್ ಆ ವಿಮಾನದ್ದು. ನಾವು ಊರೂರಿಗೆ ಹೋಗುವ ಎ320ಗಳಲ್ಲಿ ಹಲವು ಕಡೆ ರೆಕ್ಕೆ ಮೇಲಿನ ಬಾಗಿಲುಗಳು ಇರುವುದು 12 ಮತ್ತು 13ನೇ ಸಾಲಿನಲ್ಲಿ. ಅಲ್ಲಿ 11ಎ ಅಂದರೆ ಹಿಂದಕ್ಕೆ ಒರಗದ ಒಂದು ಕಿಟಕಿ ಸೀಟು, ಅಷ್ಟೇ. ಎ321 ಇನ್ನೂ ಉದ್ದ, ಅದರ ಬಾಗಿಲುಗಳ ಜಾಗವೇ ಬೇರೆ.

ಹಿಂದಕ್ಕೆ ಯಾಕೆ ಒರಗಲ್ಲ ಅಂತ ಕೇಳಿದರೆ ಕಾರಣ ಸರಳ. ಬಾಗಿಲಿನ ಮುಂದಿನ ದಾರಿಗೆ ಯಾವ ಸೀಟೂ ಅಡ್ಡ ಬರಬಾರದು. ಎ320ರಲ್ಲಿ ಎಕ್ಸಿಟ್ ಸಾಲು ಎರಡು, ಒಂದರ ಹಿಂದೆ ಒಂದು. ಮೊದಲ ಎಕ್ಸಿಟ್ ಸಾಲಿನ ಸೀಟು ಒರಗಿದರೆ ಎರಡನೇ ಬಾಗಿಲಿನ ದಾರಿ ಕಿರಿದಾಗುತ್ತದೆ. ಅದಕ್ಕೂ ಮುಂದಿನ ಸಾಲು ಒರಗಿದರೆ ಮೊದಲ ಬಾಗಿಲಿಗೆ ಅಡ್ಡ. ಹಾಗಾಗಿ ಆ ಎರಡೂ ಸಾಲು ನೆಟ್ಟಗೇ ನಿಲ್ಲುತ್ತವೆ. ಎರಡನೇ ಎಕ್ಸಿಟ್ ಸಾಲು ಮಾತ್ರ ಸಾಮಾನ್ಯವಾಗಿ ಒರಗುತ್ತದೆ. ದುಡ್ಡು ಒಂದೇ ಆಗಿದ್ದರೆ ನಾನು ಕಣ್ಣು ಮುಚ್ಚಿ ಎರಡನೇ ಸಾಲೇ ತಗೊಳ್ಳುತ್ತೇನೆ. ಅದರ ಮುಂದಿನ ಸೀಟು ನನ್ನ ಕಡೆಗೆ ಬಾಗುವುದಿಲ್ಲ, ನನ್ನದು ಬಾಗುತ್ತದೆ. ಎಕ್ಸಿಟ್ ಸಾಲಿನ ಮುಂದಿನ ಸಾಲನ್ನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಕಾಲಿಗೂ ಜಾಗ ಇಲ್ಲ, ಬೆನ್ನಿಗೂ ಸುಖ ಇಲ್ಲ.

ನಮ್ಮ ದೇಶದೊಳಗಿನ ಹೆಚ್ಚಿನ ವಿಮಾನಗಳಿಗೆ ವೆಬ್ ಚೆಕ್-ಇನ್ 48 ಗಂಟೆ ಮುಂಚೆ ತೆರೆಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾನು ಫೋನಿನಲ್ಲಿ ಅಲಾರಂ ಇಟ್ಟಿರುತ್ತೇನೆ. ಇಲ್ಲೊಂದು ಮಾತು ಹೇಳಲೇಬೇಕು. ಸೀಟ್ ಮ್ಯಾಪ್ ಬಂದ ಕೂಡಲೇ ಪ್ರತಿ ಸೀಟಿನ ಮೇಲೂ ಬೆಲೆ ಕಂಡು, ದುಡ್ಡು ಕೊಟ್ಟರಷ್ಟೇ ಬೋರ್ಡಿಂಗ್ ಪಾಸ್ ಸಿಗೋದು ಅಂದುಕೊಳ್ಳುವವರು ಬಹಳ ಜನ. ಹಾಗೇನೂ ಇಲ್ಲ. ಸೀಟು ಆರಿಸದೇ ಮುಂದೆ ಹೋಗುವ ದಾರಿ ಆ ಪುಟದಲ್ಲೇ ಇರುತ್ತದೆ, ಕೆಲವೊಮ್ಮೆ ತೀರಾ ಕೆಳಗೆ. ಆರಿಸದೇ ಬಿಟ್ಟರೆ ಉಳಿದದ್ದರಲ್ಲಿ ಒಂದು ಸೀಟು ತಾನಾಗಿ ಬರುತ್ತದೆ. ಮಕ್ಕಳಿದ್ದರೆ ಇನ್ನೊಂದು ವಿಷಯ ನೆನಪಿರಲಿ. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಂದು ಆದೇಶ ಹೊರಡಿಸಿತು. ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರ್) ಹೋಗುವ 12 ವರ್ಷದವರೆಗಿನ ಮಕ್ಕಳಿಗೆ ಅಪ್ಪ, ಅಮ್ಮ ಅಥವಾ ಜೊತೆಗಿರುವ ದೊಡ್ಡವರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು. ಮಗುವನ್ನು ಬೇರೆ ಸಾಲಿಗೆ ಹಾಕಿದ್ದರೆ ಕೌಂಟರ್‌ನಲ್ಲಿ ಈ ಆದೇಶದ ಹೆಸರು ಹೇಳಿ. ಅಂಜಬೇಡಿ.

ಎಕ್ಸಿಟ್ ಸೀಟಿಗೆ ಮಾತ್ರ ನಾನು ದುಡ್ಡು ಕೊಡುತ್ತೇನೆ. ಎರಡು ಗಂಟೆಗಿಂತ ಜಾಸ್ತಿ ಹಾರಾಟ ಇದ್ದರೆ ಅದು ನನಗೆ ದುಂದು ಅಲ್ಲ. ಪುಣೆಯಂಥ ಹತ್ತಿರದ ಊರಿಗೆ ಐಲ್ ಸೀಟು, ಅಂದರೆ ನಡುವಿನ ಓಡಾಡುವ ದಾರಿಯ ಪಕ್ಕದ ಸೀಟು, ಸಿಕ್ಕರೂ ಸಾಕು, ಒಂದು ಕಾಲನ್ನಾದರೂ ಹೊರಗೆ ಚಾಚಬಹುದು. ಎಕ್ಸಿಟ್ ಸಾಲು ಖಾಲಿ ಉಳಿದಿದ್ದರೆ ಗಗನಸಖಿಯರೇ ಬಂದು 'ಅಲ್ಲಿ ಕೂರುತ್ತೀರಾ' ಅಂತ ಕೇಳುವುದೂ ಉಂಟು. ಬಾಗಿಲಿನ ಪಕ್ಕ ಕೈಕಾಲು ಗಟ್ಟಿ ಇರುವ ಒಬ್ಬರು ಇರಲಿ ಅನ್ನುವುದು ಅವರ ಲೆಕ್ಕ.

ಆ ಸೀಟು ಆರಿಸಿದ ತಕ್ಷಣ ಒಂದು ಪುಟ ತೆರೆದುಕೊಳ್ಳುತ್ತದೆ. ಷರತ್ತುಗಳು, ಕೆಳಗೆ ಒಂದು ಚೌಕ. ಹೆಚ್ಚಿನವರು ಓದದೇ ಟಿಕ್ ಮಾಡುತ್ತಾರೆ. ದಯವಿಟ್ಟು ಓದಿ. ಗರ್ಭಿಣಿಯರು, ಕೈಗೂಸು ಜೊತೆಗಿರುವವರು, ವೀಲ್‌ಚೇರ್ ಕೇಳಿದವರು, ಸೀಟ್‌ಬೆಲ್ಟ್ ಸಾಲದೆ ಅದಕ್ಕೆ ಇನ್ನೊಂದು ಪಟ್ಟಿ ಜೋಡಿಸಬೇಕಾದವರು ಅಲ್ಲಿ ಕೂರುವಂತಿಲ್ಲ. ಅಮೆರಿಕದ ನಿಯಮದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ವಯಸ್ಸು 15 ತುಂಬಿರಬೇಕು. ಎರಡೂ ಕೈ, ಎರಡೂ ಕಾಲಿನಲ್ಲಿ ಸಾಕಷ್ಟು ಶಕ್ತಿ ಇರಬೇಕು. ಕನ್ನಡಕ, ಶ್ರವಣ ಯಂತ್ರ ಇದ್ದರೆ ತೊಂದರೆ ಇಲ್ಲ, ಆದರೆ ಅದರ ಸಹಾಯದಿಂದಾದರೂ ಕಾಣಬೇಕು, ಕೇಳಬೇಕು. ಸಿಬ್ಬಂದಿ ಹೇಳಿದ್ದು ಅರ್ಥವಾಗಬೇಕು, ಅದನ್ನು ಬೇರೆಯವರಿಗೆ ಬಾಯಿಬಿಟ್ಟು ಹೇಳಲೂ ಬರಬೇಕು. ಆ ಹೊತ್ತಿನಲ್ಲಿ ನೋಡಿಕೊಳ್ಳಬೇಕಾದ ಪುಟ್ಟ ಮಕ್ಕಳು ಜೊತೆಗಿರಬಾರದು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಾಲು. ಅಲ್ಲಿ ಕೂರಲು ಮನಸ್ಸಿಲ್ಲದವರು ಕಾರಣ ಹೇಳಬೇಕಾಗಿಲ್ಲ, ಕೇಳಿದರೆ ಸಾಕು, ಬೇರೆ ಸೀಟು ಕೊಡಬೇಕು.

ಇಷ್ಟೊಂದು ಷರತ್ತು ಯಾಕೆ ಅಂತ ತಿಳಿಯೋಕೆ 1985ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬ್ರಿಟಿಷ್ ಏರ್‌ಟೂರ್ಸ್‌ನ ಬೋಯಿಂಗ್ 737 ಇನ್ನೂ ರನ್‌ವೇ ಮೇಲೆ ಓಡುತ್ತಿರುವಾಗಲೇ ಎಂಜಿನ್ ಒಡೆದು ಬೆಂಕಿ ಹತ್ತಿತು. ವಿಮಾನ ನೆಲ ಬಿಟ್ಟೇ ಇರಲಿಲ್ಲ. ಆದರೂ 55 ಜನ ತೀರಿಕೊಂಡರು, ಹೆಚ್ಚಿನವರು ಹೊಗೆ ಕುಡಿದು. ರೆಕ್ಕೆ ಮೇಲಿನ ತುರ್ತು ಬಾಗಿಲಿನ ಪಕ್ಕ ಕೂತಿದ್ದ ಹೆಣ್ಣುಮಗಳು ಮೊದಲು ಎಳೆದದ್ದು ಕೈ ಆನಿಸುವ ಪಟ್ಟಿಯನ್ನು. ಪಕ್ಕದವರು ಬಗ್ಗಿ ಸರಿಯಾದ ಹಿಡಿ ಎಳೆದಾಗ ಸುಮಾರು 22 ಕಿಲೋ ತೂಕದ ಆ ಬಾಗಿಲು ಒಳಗೇ ಬಂದು ಆ ಹೆಣ್ಣುಮಗಳ ಮೈಮೇಲೆ ಬಿತ್ತು. ಹಿಂದಿನವರು ಅದನ್ನು ಎತ್ತಿ ಪಕ್ಕಕ್ಕೆ ಹಾಕುವಷ್ಟರಲ್ಲಿ ಹೊರಗೆ ಹೋಗಲು ಬೇಕಿದ್ದ ಹೊತ್ತು ಕಳೆದುಹೋಗಿತ್ತು. ಈ ಘಟನೆಯಾದ ಮೇಲೆಯೇ ಬ್ರಿಟನ್ನಿನಲ್ಲಿ ಆ ಬಾಗಿಲಿನ ಪಕ್ಕ ಜಾಗ ಬಿಡಬೇಕು ಅನ್ನುವ ಮಾತು ಗಟ್ಟಿಯಾಗಿ ನಿಯಮವಾಯಿತು. ನಾನು ಕಾಲು ಚಾಚುವ ಆ ಜಾಗ ಬಿಟ್ಟಿರುವುದು ಜನ ಹೊರಗೆ ಹೋಗಲಿ ಅಂತ. ಇದನ್ನು ಓದಿದ ಮೇಲೆ ನಾನು ಆ ಸಾಲಿನಲ್ಲಿ ವಿಮಾನ ಹೊರಡುವಾಗ ಮತ್ತು ಇಳಿಯುವಾಗ ನಿದ್ದೆ ಮಾಡುವುದಿಲ್ಲ, ಕಿವಿಗೆ ಹೆಡ್‌ಫೋನ್ ಹಾಕುವುದಿಲ್ಲ.

ಕೂತ ಕೂಡಲೇ ಮುಂದಿನ ಜೇಬಿನಿಂದ ಸುರಕ್ಷತಾ ಕಾರ್ಡ್ ತೆಗೆಯುತ್ತೇನೆ. ಎ320ರ ರೆಕ್ಕೆ ಮೇಲಿನ ಬಾಗಿಲಿಗೆ ಕೀಲು ಇರುವುದಿಲ್ಲ. ಮೇಲ್ಗಡೆ ಒಂದು ಪುಟ್ಟ ಮುಚ್ಚಳ, ಅದರೊಳಗೆ ಹಿಡಿ. ಹಿಡಿ ಎಳೆದರೆ ಇಡೀ ಬಾಗಿಲು ಬಿಡಿಯಾಗಿ ಕೈಗೆ ಬರುತ್ತದೆ. ಸುಮಾರು 15 ಕಿಲೋ. ಇನ್ನೊಂದು ಕೈಯನ್ನು ಕೆಳಗಿನ ಹಿಡಿಗೆ ಕೊಟ್ಟು ಅದನ್ನು ಎತ್ತಿ ಹೊರಗೆ ಎಸೆಯಬೇಕು. ಅಕ್ಕಿ ಮೂಟೆ ಹೊತ್ತು ಗೊತ್ತಿರುವವರಿಗೆ 15 ಕಿಲೋ ಏನು ಮಹಾ ಅನ್ನಿಸಬಹುದು. ಆದರೆ ಕೂತ ಜಾಗದಿಂದಲೇ, ಇಕ್ಕಟ್ಟಿನಲ್ಲಿ, ಹಿಂದಿನಿಂದ ಜನ ತಳ್ಳುತ್ತಿರುವಾಗ ಅದನ್ನು ಎತ್ತಬೇಕು. ಈಗಿನ ಬೋಯಿಂಗ್ 737ರಲ್ಲಿ ಹಾಗಲ್ಲ, ಹಿಡಿ ಎಳೆದರೆ ಬಾಗಿಲು ಮೇಲ್ಗಡೆಯ ಕೀಲಿನ ಮೇಲೆ ತಾನೇ ಹೊರಕ್ಕೆ ಹಾರಿ ತೆರೆದುಕೊಳ್ಳುತ್ತದೆ. ಒಂದರ ಕಾರ್ಡ್ ಓದಿದ್ದು ಇನ್ನೊಂದಕ್ಕೆ ಸಾಲದು. ತೆಗೆಯುವ ಮುಂಚೆ ಕಿಟಕಿಯಿಂದ ಹೊರಗೆ ನೋಡಬೇಕು. ಬೆಂಕಿ ಆ ಕಡೆಗೇ ಇದ್ದರೆ ಬಾಗಿಲು ತೆಗೆಯಬಾರದು. ಕಿಟಕಿಯ ಪರದೆ ಮೇಲೆ ಸರಿಸಿ ಅಂತ ಹೇಳುವುದು ಇದಕ್ಕೇ.

ಒಂದು ಸಲ ದೆಹಲಿಯಿಂದ ವಾಪಸ್ ಬರುವಾಗ ನನ್ನ ಪಕ್ಕದ ಮಧ್ಯದ ಸೀಟಿಗೆ ಹಾಸನ ಕಡೆಯ ಒಬ್ಬ ಅಜ್ಜಿ ಬಂದು ಕೂತರು. ಮಗ ಏಳೆಂಟು ಸಾಲು ಹಿಂದೆ. ಕೈಚೀಲವನ್ನು ತೊಡೆ ಮೇಲೆ ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದರು. ಗಗನಸಖಿ ಬಂದು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ತುರ್ತು ಸಮಯದಲ್ಲಿ ಸಹಾಯ ಮಾಡುತ್ತೀರಾ ಅಂತ ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, 'ಹೂಂ' ಅಂತ ತಲೆ ಆಡಿಸಿದರು. ಗಗನಸಖಿ ಮುಂದಿನ ಸಾಲಿಗೆ ಹೊರಟೇಬಿಟ್ಟರು. ನಾನು ಕನ್ನಡದಲ್ಲಿ ಕೇಳಿದೆ, 'ಅಜ್ಜಿ, ಏನು ಕೇಳಿದರು ಗೊತ್ತಾಯ್ತಾ?' 'ಊಟ ಬೇಕಾ ಅಂತ ಅಲ್ವೇನಪ್ಪಾ?' ಅಂದರು. ನಾನು ಗಗನಸಖಿಯನ್ನು ಕರೆದು ವಿಷಯ ಹೇಳಿದೆ. ಅಜ್ಜಿಗೆ ಮಗನ ಪಕ್ಕದ ಸೀಟು ಸಿಕ್ಕಿತು, ಅಲ್ಲಿದ್ದ ಹುಡುಗ ಇಲ್ಲಿಗೆ ಬಂದ, ಅವನಿಗೆ ಮತ್ತೆ ಎಲ್ಲ ವಿವರಿಸಿದರು.

ಆ ಅಜ್ಜಿಯದು ಏನೂ ತಪ್ಪಿಲ್ಲ. ಕೇಳಿದ್ದು ಅವರಿಗೆ ಬರುವ ಭಾಷೆಯಲ್ಲಿ ಇರಲಿಲ್ಲ. ಬೆಂಗಳೂರಿಗೆ ಬರುವ ವಿಮಾನದಲ್ಲಿ ಈ ನಾಲ್ಕು ಮಾತು ಕನ್ನಡದಲ್ಲಿ ಹೇಳಬಲ್ಲ ಒಬ್ಬರಾದರೂ ಸಿಬ್ಬಂದಿಯಲ್ಲಿ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅಲ್ಲಿಯ ತನಕ, ಪಕ್ಕದಲ್ಲಿ ಯಾರಾದರೂ ಸುಮ್ನೆ ತಲೆ ಆಡಿಸಿದ್ದು ಕಂಡರೆ ನಾವೇ ಒಂದು ಮಾತು ಕೇಳೋಣ. ವಿಮಾನಕ್ಕೆ ಮಂಜೂರಾತಿ ಕೊಡುವಾಗ, ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಿ ತೋರಿಸಬೇಕು ಅನ್ನುವ ನಿಯಮ ಇದೆ. ಆ 90 ಸೆಕೆಂಡಿನಲ್ಲಿ ಭಾಷಾಂತರ ಮಾಡುತ್ತಾ ಕೂರೋಕೆ ಆಗಲ್ಲ.

ಈ ಸಾಲಿನಲ್ಲಿ ಬ್ಯಾಗನ್ನು ಸೀಟಿನ ಕೆಳಗೆ ಇಡಲು ಬಿಡುವುದಿಲ್ಲ, ಲ್ಯಾಪ್‌ಟಾಪ್ ಚೀಲವೂ ಮೇಲೇ ಹೋಗಬೇಕು. ಹಾಗಾಗಿ ಕನ್ನಡಕ, ಫೋನು, ಮಾತ್ರೆ ಮೊದಲೇ ಜೇಬಿಗೆ ಹಾಕಿಕೊಳ್ಳುತ್ತೇನೆ. ಇದಕ್ಕೆ ಗೊಣಗುವವರಿಗೆ ನಾನು ಟೋಕಿಯೊದ ಹನೇಡಾ ವಿಷಯ ಹೇಳುತ್ತೇನೆ. 2024ರ ಜನವರಿ 2ರಂದು ಅಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಇಳಿಯುವಾಗ ರನ್‌ವೇ ಮೇಲಿದ್ದ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಬಳಸಲು ಸಿಕ್ಕಿದ್ದು ಮೂರೇ ಬಾಗಿಲು. ಒಳಗಿದ್ದ 379 ಜನರೂ ಹೊರಗೆ ಬಂದರು. ಬ್ಯಾಗ್ ಬಿಟ್ಟು ಬನ್ನಿ ಅಂದಾಗ ಅವರು ಬಿಟ್ಟು ಬಂದಿದ್ದರು.

ಹಾರುವಾಗ ಯಾರಾದರೂ ಬಾಗಿಲು ತೆಗೆದುಬಿಟ್ಟರೆ ಅಂತ ಭಯ ಪಡುವವರೂ ಇದ್ದಾರೆ. ಮೇಲೆ 35 ಸಾವಿರ ಅಡಿಯಲ್ಲಿ ಒಳಗಿನ ಗಾಳಿಯ ಒತ್ತಡ ಬಾಗಿಲನ್ನು ಚೌಕಟ್ಟಿಗೆ ಎಷ್ಟು ಬಲವಾಗಿ ಒತ್ತಿ ಹಿಡಿದಿರುತ್ತದೆ ಅಂದರೆ ಯಾವ ಪೈಲ್ವಾನನಿಗೂ ತೆಗೆಯಲಾಗದು. ಅಪಾಯ ಇರುವುದು ಕೆಳಗೆ ಬಂದಾಗ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಇಳಿಯುತ್ತಿದ್ದ ಎ321 ವಿಮಾನದ ಬಾಗಿಲನ್ನು ಒಬ್ಬ ಪ್ರಯಾಣಿಕ ತೆಗೆದೇಬಿಟ್ಟ, ನೆಲದಿಂದ ಸುಮಾರು 700 ಅಡಿ ಮೇಲಿರುವಾಗ. ವಿಮಾನ ಇಳಿಯಿತು, ಯಾರ ಜೀವವೂ ಹೋಗಲಿಲ್ಲ.

ಶಿವಮೊಗ್ಗ, ಹುಬ್ಬಳ್ಳಿ ಕಡೆಗೆ ಎಟಿಆರ್ ಅನ್ನುವ ಸಣ್ಣ ವಿಮಾನದಲ್ಲಿ ಹೋಗುವವರಿಗೆ ಲೆಕ್ಕ ಪೂರ್ತಿ ಬೇರೆ. ಎಟಿಆರ್ 72ರ ರೆಕ್ಕೆ ಕಿಟಕಿಗಳಿಗಿಂತ ಮೇಲಿದೆ, ಹಾಗಾಗಿ ರೆಕ್ಕೆ ಮೇಲೆ ಇಳಿಯುವ ಮಾತೇ ಇಲ್ಲ. ನಾವು ಹತ್ತುವುದು ಹಿಂದಿನ ಬಾಗಿಲಿನಿಂದ. ತುರ್ತು ಬಾಗಿಲು ಮುಂದೆ, ಮೊದಲ ಸಾಲುಗಳ ಪಕ್ಕದಲ್ಲೇ. ಮುಂದಿನ ಸೀಟು ಅಂತ ಖುಷಿಯಿಂದ ಅಪ್ಪ ಅಮ್ಮನಿಗೆ ಬುಕ್ ಮಾಡಬೇಡಿ. ಮುಂದೆ ಕೂತರೆ ಬೇಗ ಇಳಿಯಬಹುದು ಅನ್ನುವುದೂ ಇಲ್ಲಿ ನಡೆಯಲ್ಲ, ಹಿಂದೆ ಕೂತವರೇ ಮೊದಲು ಇಳಿಯುವುದು. ಆ ಬಾಗಿಲು ಎಷ್ಟು ಹತ್ತಿರ ಅನ್ನೋಕೆ ಒಂದು ಘಟನೆ. 2022ರ ಡಿಸೆಂಬರ್‌ನಲ್ಲಿ ಚೆನ್ನೈನಿಂದ ತಿರುಚ್ಚಿಗೆ ಹೊರಡಬೇಕಿದ್ದ ಎಟಿಆರ್ ಇನ್ನೂ ನೆಲದ ಮೇಲಿರುವಾಗಲೇ ತುರ್ತು ಬಾಗಿಲು ತೆರೆದುಕೊಂಡು, ಎಲ್ಲ ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ವಿಮಾನ ಹೊರಟಿತು. ಆ ಸೀಟಿನಲ್ಲಿ ಕೈ ಎಲ್ಲಿ ಇಡುತ್ತೇವೆ ಅನ್ನುವುದೂ ಮುಖ್ಯ.

ಅಮ್ಮನ ಜೊತೆ ಹೋಗುವಾಗ ನಾನು ಎಕ್ಸಿಟ್ ಸಾಲನ್ನು ನೋಡುವುದೇ ಇಲ್ಲ. ಅವರಿಗೆ ಮಂಡಿ ನೋವು, ವೀಲ್‌ಚೇರ್ ಬೇಕು. ದೊಡ್ಡ ವಿಮಾನದಲ್ಲಿ ಮುಂದಿನ ಕಡೆ, ಶೌಚಾಲಯಕ್ಕೆ ಹತ್ತಿರದ ಐಲ್ ಸೀಟು ಅವರಿಗೆ, ಪಕ್ಕದ ಮಧ್ಯದ ಸೀಟು ನನಗೆ. ಮಂಡಿ ತಾಗಿದರೆ ತಾಗಲಿ. ಕಿಟಕಿ ಬೇಕೆಂದರೆ, ಬೆಳಿಗ್ಗೆ ದೆಹಲಿಗೆ ಹೋಗುವಾಗ ಬಿಸಿಲು ಬಲಗಡೆ, ಎಡಗಡೆ ತಂಪು.

ಒಂದು ಕೊನೆಯ ವಿಷಯ ಉಳಿಯಿತು. ಕೊನೇ ಗಳಿಗೆಯಲ್ಲಿ ಎ320 ಬದಲು ಎ321 ಬಂದರೆ ನೀವು ದುಡ್ಡು ಕೊಟ್ಟ ಸಾಲು ಮಾಮೂಲಿ ಸಾಲಾಗಿರಬಹುದು. ನನಗೂ ಹಾಗಾಗಿದೆ. ಬಾಗಿಲು ಇಲ್ಲದ ಕಡೆ ಅದೇ ನಂಬರ್. ವಿಮಾನ ಹತ್ತುವ ಮುಂಚೆ ಗೇಟಿನಲ್ಲೇ ಹೇಳಿ, ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡರ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಆ ಎರಡು ಫೋಟೊ ಮತ್ತು ಸೀಟಿನ ರಸೀದಿ ಕಳಿಸಿ ಕೇಳಿದೆ. ಮೊದಲು ಆಗಲ್ಲ ಅಂದರು, ಮತ್ತೆ ಬರೆದೆ, ಸೀಟಿನ ದುಡ್ಡು ಪೂರ್ತಿ ವಾಪಸ್ ಬಂತು.